ಸುಳಿ ನೋಡಿಕೊಂಡು ಬಾ

ಹೊಳೆಯ ದಂಡೆಗೆ ಒಂದು ಸಣ್ಣ ಮಠ. ಆ ಮಠಕ್ಕೆ ಒಬ್ಬರು ಅಜ್ಜಾರು. ಅವರ ಮಾತು ಕಡಿಮೆ. ತಲೆಗೆ ಸದಾ ಕಾವಿ ರುಮಾಲು.

ಆ ರುಮಾಲು ಬಿಚ್ಚಿದ್ದನ್ನು ಕಂಡವರು ಊರಲ್ಲಿ ಯಾರೂ ಇರಲಿಲ್ಲ. ಒಳಗೆ ಜಡೆ ಇದೆ ಎಂದು ಕೆಲವರು, ಪೂರಾ ಬೋಳು ಎಂದು ಕೆಲವರು ಅಗಸೆಕಟ್ಟೆಯ ಮೇಲೆ ವಾದ ಮಾಡುತ್ತಿದ್ದರು. ಅಜ್ಜಾರನ್ನೇ ಕೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಅವರ ಶಿಷ್ಯರಲ್ಲಿ ಅಡಿವೆಪ್ಪ ಎಂಬವನೊಬ್ಬ. ಹೆಂಡತಿ ಮಕ್ಕಳಿದ್ದ ಸಂಸಾರಸ್ಥ. ಮಠದ ಎತ್ತುಗಳನ್ನು ನೋಡಿಕೊಳ್ಳುವುದು ಅವನ ಸೇವೆ.

ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡು ನಿಂತ ಜಾಗಕ್ಕೆ ಸುಳಿ ಎನ್ನುತ್ತಾರಲ್ಲ, ಅದನ್ನು ನೋಡಿ ಎತ್ತಿನ ಗುಣ ಹೇಳುವುದರಲ್ಲಿ ಅಡಿವೆಪ್ಪ ಹೆಸರುವಾಸಿ. ಸಂತೆಯಲ್ಲಿ ಎತ್ತು ಕೊಳ್ಳುವವರು ಅವನನ್ನು ಕೈ ಹಿಡಿದು ಎಳೆದೊಯ್ಯುತ್ತಿದ್ದರು. ಅವನ ಅಪ್ಪನಿಂದ ಬಂದ ವಿದ್ಯೆ ಅದು.

ಅವನಿಗೆ ಇಬ್ಬರು ಮಕ್ಕಳು. ದೊಡ್ಡವಳು ಗೌರವ್ವ, ಸಣ್ಣವನು ಸಂಗು.

ಸಂಗುವಿಗೆ ಕ್ಷೌರದಂಗಡಿ ಎಂದರೆ ಜೀವ ಬಾಯಿಗೆ ಬರುತ್ತಿತ್ತು. ಕಿವಿಯ ಹತ್ತಿರ ಮಷೀನು ಗುಂಯ್ ಎಂದರೆ ಸಾಕು, ಚೀರಿಕೊಳ್ಳುತ್ತಿದ್ದ. ಕಳೆದ ಸಲ ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಂಡ. ಬೆಂಚಿನ ಮೇಲೆ ಕಾಯುತ್ತ ಕೂತಿದ್ದವರು ಹೋ ಎಂದು ನಕ್ಕರು.

ಅಡಿವೆಪ್ಪನಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ.

"ಇನ್ನ ಮ್ಯಾಲ ನನ್ನ ಮಗನ ತಲಿ ನಾನ ನೋಡ್ಕೋತೀನಿ" ಎಂದು ಹುಡುಗನನ್ನು ಎತ್ತಿಕೊಂಡು ಹೊರಬಂದ. ಬರುವ ದಾರಿಯಲ್ಲೇ ಒಂದು ಕತ್ತರಿ, ಒಂದು ಹಣಿಗೆ ಕೊಂಡ. ಎತ್ತಿನ ಬಾಲ ಸವರಿದ ಕೈಗೆ ಹುಡುಗರ ತಲೆ ಯಾವ ಮಹಾ ಎಂದುಕೊಂಡ.

ಮೊದಲು ಗೌರವ್ವನನ್ನು ಕೂರಿಸಿಕೊಂಡ. ಬೆನ್ನ ಮೇಲೆ ಇಳಿದ ಕೂದಲಿನ ತುದಿಯನ್ನಷ್ಟೇ ಕತ್ತರಿಸಿದ. ನೆಟ್ಟಗೇ ಬಂತು. ಹೆಂಡತಿ ನೋಡಿ "ಅಡ್ಡಿ ಇಲ್ಲ" ಎಂದಳು. ಆ ಒಂದು ಮಾತಿಗೆ ಅಡಿವೆಪ್ಪನ ತಲೆ ತಿರುಗಿತು.

ಆಮೇಲೆ ಸಂಗು.

ಸಂಗುವಿನ ನೆತ್ತಿಯ ಹಿಂದೆ ಒಂದು ಹಿಡಿ ಕೂದಲು ಎದ್ದು ನಿಂತಿತು. ಅಡಿವೆಪ್ಪ ನೀರು ಹಚ್ಚಿದ. ನಿಂತಿತು. ಎಣ್ಣೆ ಹಚ್ಚಿದ. ನಿಂತಿತು. ಕತ್ತರಿಸಿದ, ಇನ್ನೂ ನೆಟ್ಟಗೆ ನಿಂತಿತು. ಮತ್ತೆ ಕತ್ತರಿಸಿದ. ಕತ್ತರಿಸಿ ಕತ್ತರಿಸಿ ಆ ಜಾಗ ಇಲಿ ತಿಂದ ಚೀಲದ ಹಾಗಾಯಿತು. ಉಳಿದ ನಾಲ್ಕು ಎಳೆಯೂ ನಿಂತೇ ಇತ್ತು.

ಸಂಗು ಕತ್ತು ಅಲ್ಲಾಡಿಸಿದ. ಅಡಿವೆಪ್ಪನ ಸಿಟ್ಟು ನೆತ್ತಿಗೇರಿತು. ಏರಿದ ಸಿಟ್ಟು ಮಗನ ನೆತ್ತಿಯ ಮೇಲೆ ಇಳಿಯಿತು. ಹಣಿಗೆಯಿಂದ ಟಪ್ಪೆಂದು ಹೊಡೆದ.

ಸಂಗು ಅಳಲಿಲ್ಲ. ಅತ್ತಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಅವನು ಸುಮ್ಮನೆ ಎದ್ದು ಒಳಗೆ ಹೋಗಿ, ಗಂಟಿನಿಂದ ಹಳೆಯ ಉಣ್ಣೆ ಟೊಪ್ಪಿಗೆಯೊಂದನ್ನು ಹುಡುಕಿ ಹಾಕಿಕೊಂಡ. ಬಿಸಿಲಿಗೂ ತೆಗೆಯಲಿಲ್ಲ, ಊಟಕ್ಕೂ ತೆಗೆಯಲಿಲ್ಲ.

ಶಾಲೆಯಲ್ಲಿ ಹುಡುಗರು ಟೊಪ್ಪಿಗೆ ಕಿತ್ತು "ಜುಟ್ಟಿನ ಹುಂಜ" ಎಂದು ಕರೆದರಂತೆ. ಅದನ್ನೂ ಸಂಗು ಹೇಳಲಿಲ್ಲ. ಗೌರವ್ವ ಹೇಳಿದಳು.

ಎಲ್ಲಕ್ಕಿಂತ ಅಡಿವೆಪ್ಪನನ್ನು ತಿಂದದ್ದು ಬೇರೆ. ಅವನು ಕೈ ಎತ್ತಿದರೆ ಸಾಕು, ಗೂಟದ ಮೇಲಿನ ಹಗ್ಗ ತೆಗೆಯಲು ಎತ್ತಿದರೂ ಸರಿಯೆ, ಸಂಗು ಎರಡೂ ಕೈಯಿಂದ ತಲೆ ಮುಚ್ಚಿಕೊಳ್ಳುತ್ತಿದ್ದ. ಅಪ್ಪನಾದವನನ್ನು ಕಂಡು ಮಗ ಹೀಗೆ ಮಾಡಿದರೆ ಎತ್ತು ನೋಡುವ ಹೆಸರು ತೆಗೆದುಕೊಂಡು ಏನು ಮಾಡುವುದು?

ಕತ್ತರಿ ಹಿಡಿದುಕೊಂಡು ಮಠಕ್ಕೆ ಹೋದ.

ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕೂತು ಧೋತರ ಹಿಂಡುತ್ತಿದ್ದರು.

"ಅಜ್ಜಾರ, ಒಂದು ಮಾತು ಕೇಳಬೇಕಿತ್ರಿ."

"ಕೇಳು."

"ಮಗನ ಕೂದ್ಲಾ ಕತ್ತರಸಾಕ ನನಗ ಬರವಲ್ದ್ರಿ. ಎಷ್ಟ ಕತ್ತರಿಸಿದ್ರೂ ನೆತ್ತಿ ಮ್ಯಾಲಿನವು ಎದ್ದು ನಿಲ್ತಾವ. ಅಂವ ನೋಡಿದ್ರ ನನ್ನ ಕಂಡು ಓಡ್ತಾನ. ಕೂದ್ಲಾ ಹೆಂಗ ಕುಂದ್ರಸಬೇಕು, ಮಗನ್ನ ಹೆಂಗ ಕುಂದ್ರಸಬೇಕು, ಒಂದೂ ತಿಳೀವಲ್ದು."

ಅಜ್ಜಾರು ಧೋತರ ಕೊಡವಿದರು.

"ಸುಳಿ ನೋಡೀಯೇನು?"

"ಯಾವ ಸುಳಿರಿ?"

"ಮೊದಲ ಸುಳಿ ನೋಡ್ಕೊಂಡು ಬಾ. ಕತ್ತರಿ ಇಲ್ಲೇ ಇಟ್ಟು ಹೋಗು."

ಅಷ್ಟೇ. ಧೋತರ ಹೆಗಲಿಗೆ ಹಾಕಿಕೊಂಡು ಅವರು ಒಳಗೆ ನಡೆದರು.

ಓದುತ್ತಿರುವ ನಿಮಗೆ ಇಷ್ಟರಲ್ಲಿ ತಿಳಿದಿರಬಹುದು. ಅಡಿವೆಪ್ಪನಿಗೆ ತಿಳಿಯಲಿಲ್ಲ. ಅವನು ದಡ್ಡನೆಂದು ತಿಳಿಯಬೇಡಿ. ಗುರುವಿನ ಮಾತೆಂದರೆ ಬಾವಿಯಷ್ಟು ಆಳ ಇರಲೇಬೇಕೆಂದು ನಂಬಿದ್ದ, ಅಷ್ಟೆ. ಅಂಥವನಿಗೆ ಮೊಣಕಾಲುದ್ದದ ನೀರು ಕಣ್ಣಿಗೆ ಬೀಳುವುದಿಲ್ಲ.

ಸುಳಿ ಎಂದಾಗ ಅವನಿಗೆ ಮೊದಲು ನೆನಪಾದದ್ದು ಎತ್ತು. ಛೇ, ಕೊಟ್ಟಿಗೆಯ ಮಾತನ್ನು ಅಜ್ಜಾರು ಯಾಕೆ ಆಡುತ್ತಾರೆ ಎಂದು ಅದನ್ನು ಅಲ್ಲೇ ಬಿಟ್ಟ. ಎದುರಿಗೆ ಹೊಳೆ ಹರಿಯುತ್ತಿತ್ತು. ಹೊಳೆ ತಿರುಗುವಲ್ಲಿ, ಕರಿಬಂಡೆಯ ಕೆಳಗೆ, ಮುದುಕರೂ ಹೆದರುವ ಒಂದು ಸುಳಿಯಿತ್ತು. ಇದೇ ಇರಬೇಕು ಎಂದುಕೊಂಡು ಬಂಡೆ ಹತ್ತಿ ಕೂತ.

ನೀರು ತಿರುಗುತ್ತಿತ್ತು. ಒಂದು ಎಲೆ ಬಂತು, ಸುತ್ತಿತು, ಮುಳುಗಿತು. ಒಂದು ಕಡ್ಡಿ ಬಂತು, ಅದೂ ಸುತ್ತಿತು, ಅದೂ ಮುಳುಗಿತು. ನೋಡಿ ನೋಡಿ ಅಡಿವೆಪ್ಪನಿಗೂ ತಲೆ ಸುತ್ತಿತು. ಇದಕ್ಕೂ ಸಂಗುವಿನ ತಲೆಗೂ ಏನು ಸಂಬಂಧ ಎಂದು ಮಾತ್ರ ಹೊಳೆಯಲಿಲ್ಲ. ಸಂಬಂಧ ಕಾಣದಷ್ಟೂ ಅರ್ಥ ದೊಡ್ಡದಿರಬೇಕು ಎನ್ನಿಸಿತು.

ಹೊತ್ತು ಇಳಿಯುವ ಹೊತ್ತಿಗೆ ಒಂದು ಉತ್ತರ ಕಟ್ಟಿಕೊಂಡು ಮಠಕ್ಕೆ ಬಂದ.

"ನೋಡಿದೆ ಅಜ್ಜಾರ."

"ಏನ ಕಂಡಿ?"

"ಸುತ್ತಲೂ ಎಲ್ಲಾ ತಿರಗತೈತ್ರಿ. ನಟ್ಟನಡುವ ಮಾತ್ರ ಏನೂ ಇಲ್ಲ, ಖಾಲಿ. ಸಂಸಾರನೂ ಹಿಂಗ. ನಾವು ಎಲಿ, ನಾವು ಕಡ್ಡಿ. ತಿರುಗೂದು ತಿರುಗಿ ಮುಳಗೂದು."

ಅಜ್ಜಾರು ತಲೆದೂಗಿದರು. "ಚಲೋ ಹೇಳಿದಿ."

ಅಡಿವೆಪ್ಪ ಉಬ್ಬಿದ.

"ಮಗನ ಕೂದ್ಲಾ ಕುಂತ್ವೇನು?"

"ಇಲ್ರಿ."

"ಹಂಗಾರ ಹೋಗಿ ಸುಳಿ ನೋಡ್ಕೊಂಡು ಬಾ."

ಮರುದಿನ ಅವನು ಹಿತ್ತಿಲ ಬಾಳೆಗಿಡದ ಮುಂದೆ ನಿಂತಿದ್ದ. ಸುರುಳಿ ಸುತ್ತಿಕೊಂಡ ಎಳೆಯ ಸುಳಿ ನೆಟ್ಟಗೆ ಎದ್ದು ನಿಂತಿತ್ತು, ಥೇಟು ಸಂಗುವಿನ ಕೂದಲಿನಂತೆ. ಅರ್ಥ ಇಲ್ಲೇ ಎಲ್ಲೋ ಇದೆ ಎನ್ನಿಸಿತು. ಎಲ್ಲಿದೆ ಎಂದು ತಿಳಿಯಲಿಲ್ಲ.

"ಗಿಡದ ಮುಂದ ಯಾಕ ನಿಂತೀರಿ? ಊಟಕ್ಕ ಎಲಿ ಬೇಕೇನು?" ಎಂದು ಹೆಂಡತಿ ಕೇಳಿದಳು.

"ಹ್ಞೂಂ, ಬೇಕು" ಎಂದ. ಬೇರೆ ಏನು ಹೇಳುವುದೆಂದು ಅವನಿಗೇ ಗೊತ್ತಿರಲಿಲ್ಲ. ಆವತ್ತು ಮನೆಯಲ್ಲಿ ಎಲ್ಲರೂ ಬಾಳೆಎಲೆಯಲ್ಲಿ ಉಂಡರು. ಸಂಗು ಟೊಪ್ಪಿಗೆ ಹಾಕಿಕೊಂಡೇ ಉಂಡ, ಅಪ್ಪನಿಂದ ದೂರ ಕೂತು.

ಸಂಜೆ ಅಡಿವೆಪ್ಪ ಮಠದ ಕೊಟ್ಟಿಗೆಯಲ್ಲಿ ಹೊಸ ಎತ್ತಿನ ಮೈ ತಿಕ್ಕುತ್ತಿದ್ದ. ಮನಸ್ಸು ಗೋಜಲಾದಾಗ ಅವನ ಕೈ ಎತ್ತಿನ ಮೈಮೇಲೆಯೇ ಇರುತ್ತಿತ್ತು. ಅಜ್ಜಾರು ಬಂದು ಬಾಗಿಲಲ್ಲಿ ನಿಂತರು.

"ಈ ಎತ್ತಿನ ಸುಳಿ ಹೆಂಗದಾವೋ?"

ಅಡಿವೆಪ್ಪನ ನಾಲಿಗೆಗೆ ಜೀವ ಬಂತು. "ಬಂಗಾರದಂಥಾ ಸುಳಿ ಅದಾವ್ರಿ. ಹಣಿ ಮ್ಯಾಲೊಂದು, ಇಲ್ಲಿ ಬೆನ್ನಿನ ಮ್ಯಾಲೊಂದು. ಎಲ್ಲಾ ಇರಬೇಕಾದಲ್ಲೆ ಅದಾವ."

"ಕೊಳ್ಳೂ ಮುಂದ ಎಷ್ಟೊತ್ತು ನೋಡಿದಿ?"

"ಅರ್ಧಾ ದಿನ ನೋಡೀನ್ರಿ. ಬಿಸಲಾಗ ನಿಲ್ಲಿಸಿ ನೋಡಿದೆ, ನೆಳ್ಳಾಗ ನಿಲ್ಲಿಸಿ ನೋಡಿದೆ. ಕೈಯಾಡಿಸಿ ನೋಡಿದೆ."

"ಹ್ಞಾಂ." ಅಜ್ಜಾರು ಸ್ವಲ್ಪ ಹೊತ್ತು ಎತ್ತನ್ನೇ ನೋಡಿದರು. "ಸಂಗೂನ ಜಾವಳ ತೆಗಿಸಿದಾಗ ಅಂವ ಯಾರ ತೊಡಿ ಮ್ಯಾಲ ಕುಂತಿದ್ದ?"

ಮಗುವಿನ ಹುಟ್ಟುಗೂದಲು ತೆಗೆಸುವ ಜಾವಳದ ಮಾತು ಕೊಟ್ಟಿಗೆಯಲ್ಲಿ ಯಾಕೆ ಬಂತೆಂದು ಅಡಿವೆಪ್ಪ ಕಣ್ಣು ಪಿಳುಕಿಸಿದ.

"ಅವನ ಸೋದರಮಾವನ ತೊಡಿ ಮ್ಯಾಲ್ರಿ. ಪದ್ಧತಿ ಹಂಗ ಐತಲ್ರೀ."

"ನೀ ಎಲ್ಲಿದ್ದಿ?"

"ಮಂದಿಗೆ ಹುಗ್ಗಿ ಬಡಸಾಕತ್ತಿದ್ದೆ."

"ಆಮ್ಯಾಲ?"

"ಆಮ್ಯಾಲ ತಲಿಗೆ ಗಂಧಾ ಹಚ್ಚಿ ಕುಂಚಿಗಿ ಕಟ್ಟಿದ್ರು. ನಾ ಬಂದು ನೋಡೂದ್ರಾಗ ಮಲಗಿದ್ದ."

ಅಜ್ಜಾರು ಬಂದ ಹಾಗೆಯೇ ಹೋದರು.

ಅಡಿವೆಪ್ಪನ ಕೈ ಎತ್ತಿನ ಹಣೆಯ ಮೇಲಿತ್ತು. ಅಲ್ಲಿ ಬೆರಳಿನ ಕೆಳಗೆ ಕೂದಲು ಸಣ್ಣಗೆ ಸುತ್ತಿಕೊಂಡಿತ್ತು. ಕೈ ಅಲ್ಲೇ ನಿಂತಿತು.

"ಅಯ್ಯ ಶಿವನೆ" ಎಂದ. ಎತ್ತು ಅವನ ಮುಖ ನೋಡಿತು.

ಮನೆಗೆ ಬಂದಾಗ ಸಂಗು ಕಟ್ಟೆಯ ಮೇಲೆ ಕೂತು ಮಣ್ಣೆತ್ತು ಮಾಡುತ್ತಿದ್ದ. ಅಪ್ಪನನ್ನು ಕಂಡೊಡನೆ ಟೊಪ್ಪಿಗೆಯನ್ನು ಕಿವಿಯವರೆಗೆ ಎಳೆದುಕೊಂಡ.

ಹೆದರಿದ ಎತ್ತಿನ ಹತ್ತಿರ ಹೋಗುವ ರೀತಿ ಅಡಿವೆಪ್ಪನಿಗೆ ಗೊತ್ತಿತ್ತು. ಹಿಂದಿನಿಂದ ಹೋಗಬಾರದು. ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಗೊತ್ತಿದ್ದ ಆ ವಿದ್ಯೆಯನ್ನು ಮನೆಯೊಳಗೆ ಒಮ್ಮೆಯೂ ತರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಕಟ್ಟೆಯ ಆ ತುದಿಗೆ ಕೂತು, ತಾನೂ ಒಂದು ಉಂಡೆ ಮಣ್ಣು ತೆಗೆದುಕೊಂಡು ಎತ್ತಿನ ಬೆನ್ನ ಮೇಲಿನ ಹಿಣಿಲು ತಿದ್ದತೊಡಗಿದ.

ಬಹಳ ಹೊತ್ತಾದ ಮೇಲೆ ಸಂಗು ಕೇಳಿದ:

"ಕತ್ತರಿ ಎಲ್ಲೈತಿ?"

"ಅಜ್ಜಾರ ಹಂತ್ಯಾಕ ಐತಿ."

"ಹಣಿಗಿ?"

ಅಡಿವೆಪ್ಪ ಎರಡೂ ಅಂಗೈ ಬಿಡಿಸಿ ತೋರಿಸಿದ. ಮಣ್ಣು ಬಿಟ್ಟರೆ ಏನೂ ಇರಲಿಲ್ಲ. ಸಂಗು ಅಂಗೈ ನೋಡಿದ, ಅಪ್ಪನ ಜೇಬನ್ನೂ ನೋಡಿದ.

"ಸಂಗೂ, ನಿನ್ನ ಸುಳಿ ನೋಡ್ಲೇನು?"

"ಸುಳಿ ಎತ್ತಿಗೆ ಇರ್ತಾವ."

"ಮನಶ್ಯಾರಿಗೂ ಇರ್ತಾವೋ."

"ನನಗ ಎಲ್ಲಿ ಐತಿ?"

"ನನಗೂ ಗೊತ್ತಿಲ್ಲ. ನೋಡಿಲ್ಲ."

ಸಂಗು ಯೋಚಿಸಿದ. "ಹೊಡೀತಿಯೇನು?"

ಅಡಿವೆಪ್ಪ ಮಣ್ಣಿನುಂಡೆ ಕೆಳಗಿಟ್ಟ. "ಇಲ್ಲಪ್ಪ. ಅವತ್ತ ಹೊಡದದ್ದು ನನ್ನ ತಪ್ಪು."

ಸಂಗು ಇನ್ನೊಂದು ಸಲ ಅಂಗೈ ನೋಡಿದ. ಆಮೇಲೆ ತಾನೇ ಟೊಪ್ಪಿಗೆ ತೆಗೆದು ಮೊಣಕಾಲಿಗೆ ಸಿಕ್ಕಿಸಿದ. ಬೆನ್ನು ತಿರುಗಿಸಿ, ಅಪ್ಪನ ಮೊಣಕಾಲ ನಡುವೆ ಸರಿದು ಕೂತು, ತಲೆ ಬಗ್ಗಿಸಿದ.

ಅಡಿವೆಪ್ಪ ಕೈ ಒರೆಸಿಕೊಂಡು ಬೆರಳಿನಿಂದ ಕೂದಲು ಬಿಡಿಸಿದ.

ಸುಳಿ ಒಂದಲ್ಲ, ಎರಡಿದ್ದವು. ಒಂದು ಬಲಕ್ಕೆ ಸುತ್ತಿತ್ತು, ಇನ್ನೊಂದು ಎಡಕ್ಕೆ. ಎರಡೂ ಕಡೆಯಿಂದ ಬಂದ ಕೂದಲು ನಡುವೆ ಎದುರಾಗಿ, ಮಲಗಲು ಜಾಗವಿಲ್ಲದೆ ಎದ್ದು ನಿಂತಿತ್ತು. ಉದ್ದ ಇದ್ದರೆ ತನ್ನ ಭಾರಕ್ಕೆ ತಾನೇ ಬಾಗುತ್ತಿತ್ತು. ಅವನು ಗಿಡ್ಡ ಮಾಡಿದಷ್ಟೂ ಅದು ನಿಲ್ಲಲೇಬೇಕಿತ್ತು. ಇದನ್ನು ಮೊಂಡು ಎಂದು ಹೊಡೆದೆನಲ್ಲ ಎಂದುಕೊಂಡ.

ಸುಳಿಯ ಪಕ್ಕದಲ್ಲಿ ಒಂದು ಹಳೆಯ ಕಲೆ ಕಂಡಿತು.

"ಇದು ಯಾವಾಗ ಆದದ್ದೋ?"

"ಬಂಡಿ ಮ್ಯಾಲಿಂದ ಬಿದ್ದಿದ್ದೆ. ನೀ ಎತ್ತಿನ ಸಂತಿಗೆ ಹೋಗಿದ್ದಿ. ಅವ್ವ ಅರಿಷಿಣಾ ಒತ್ತಿದ್ಲು."

"ನನಗ್ಯಾಕ ಹೇಳ್ಲಿಲ್ಲ?"

"ನೀ ಬೈತಿ ಅಂತ."

ಅಡಿವೆಪ್ಪ ಹೆಬ್ಬೆರಳಿನಿಂದ ಆ ಕಲೆಯನ್ನು ಸವರಿದ.

"ಎಷ್ಟು ಅದಾವಪ್ಪಾ?" ಎಂದ ಸಂಗು, ತಲೆ ಬಗ್ಗಿಸಿಕೊಂಡೇ.

"ಎರಡು."

"ಎರಡಿದ್ರ ಚಲೋ ಏನು?"

ಹೆಬ್ಬೆರಳು ನಿಂತುಬಿಟ್ಟಿತು.

ಒಂದೇ ಕಡೆ ಜೋಡಿ ಸುಳಿ ಇದ್ದ ಎತ್ತನ್ನು ಹೊಸ್ತಿಲು ದಾಟಿಸಬಾರದು, ಯಜಮಾನನಿಗೆ ಆಗಿಬರುವುದಿಲ್ಲ ಎಂದು ಅವನ ಅಪ್ಪ ಹೇಳಿಕೊಟ್ಟಿದ್ದ. ಆ ಮಾತನ್ನು ನಂಬಿ ಅಡಿವೆಪ್ಪ ಎಷ್ಟೋ ಎತ್ತುಗಳನ್ನು ಬಾಗಿಲಿನಿಂದಲೇ ತಿರುಗಿ ಕಳಿಸಿದ್ದ. ಆ ಮಾತೆಲ್ಲ ಈಗ ಒಮ್ಮೆಲೆ ಎದುರು ಬಂದು ನಿಂತಿತು. ಸುಳ್ಳು ಹೇಳಲು ಬಾಯಿ ಬರಲಿಲ್ಲ, ನಿಜ ಯಾವುದು ಎಂಬುದೂ ಗೊತ್ತಾಗಲಿಲ್ಲ.

"ಅಜ್ಜಾರನ್ನ ಕೇಳಿ ಬರ್ತೀನಿ, ಇರು."

"ಲಗೂ ಬಾ. ನಾ ಇಲ್ಲೇ ಕುಂದರ್ತೀನಿ."

ಅಡಿವೆಪ್ಪ ಓಡುನಡಿಗೆಯಲ್ಲಿ ಹೊಳೆದಂಡೆಗೆ ಬಂದ. ಅಜ್ಜಾರು ಅದೇ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಕತ್ತರಿ ಇತ್ತು, ಅವನು ಇಟ್ಟುಹೋದ ಜಾಗದಲ್ಲೇ. ಅವನು ಕಾಲು ಮುಟ್ಟಿ ಕೆಳಗಿನ ಮೆಟ್ಟಿಲ ಮೇಲೆ ಕೂತ.

"ನೋಡಿದೆ ಅಜ್ಜಾರ."

"ಈಗ ಏನ ಕಂಡಿ?"

"ಎರಡು ಸುಳಿ ಅದಾವ್ರಿ. ನಡುವಿನ ಕೂದ್ಲಾ ಅದಕ್ಕ ನಿಲ್ತಾವ. ಬೆಳಿಯಾಕ ಬಿಟ್ರ ತಾವ ಕುಂದರ್ತಾವ."

"ಮಗ?"

"ಅಂವ ತಾನ ಬಂದು ತಲಿ ಕೊಟ್ಟಾನ್ರಿ."

"ಮತ್ತ ನಿನ್ನ ಮಾರಿ ಯಾಕ ಸಣ್ಣದಾಗೈತಿ?"

ಅಡಿವೆಪ್ಪ ನೀರು ನೋಡುತ್ತ ಹೇಳಿದ: "ನಮ್ಮಪ್ಪ ಹೇಳಿದ್ದ, ಜೋಡಿ ಸುಳಿ ಮನಿಗೆ ಆಗಿಬರೂದಿಲ್ಲ ಅಂತ. ನಾನೂ ಹತ್ತು ಮಂದಿಗೆ ಅದನ್ನ ಹೇಳೀನಿ. ಈಗ ಹುಡುಗ ಕೇಳ್ತಾನ, ಎರಡಿದ್ರ ಚಲೋ ಏನು ಅಂತ. ತಲಿ ಬಗ್ಗಿಸಿ ಕುಂತಾನ್ರಿ ಅಲ್ಲಿ. ಹೋಗಿ ಏನಂತ ಹೇಳ್ಲಿ?"

ಅಜ್ಜಾರು ಎರಡೂ ಕೈ ಎತ್ತಿ ತಲೆಯ ರುಮಾಲಿನ ತುದಿ ಹುಡುಕಿದರು. ಮಡಿಕೆ ಮಡಿಕೆಯಾಗಿ ಬಿಚ್ಚತೊಡಗಿದರು.

ಅಡಿವೆಪ್ಪ ಗಾಬರಿಯಾಗಿ ಮುಖ ಆ ಕಡೆ ತಿರುಗಿಸಿದ.

"ಮಾರಿ ಯಾಕ ತಿರುವತಿ? ನೋಡು" ಎಂದು ಅಜ್ಜಾರು ಅವನ ಮುಂದೆ ತಲೆ ಬಗ್ಗಿಸಿದರು.

ಒಳಗೆ ಜಡೆಯೂ ಇರಲಿಲ್ಲ, ಬೋಳೂ ಇರಲಿಲ್ಲ. ಸಣ್ಣಗೆ ಕತ್ತರಿಸಿದ ಬಿಳಿಯ ಕೂದಲಿತ್ತು. ನೆತ್ತಿಯ ಹಿಂದೆ ಎರಡು ಸುಳಿ, ಒಂದು ಬಲಕ್ಕೆ, ಒಂದು ಎಡಕ್ಕೆ. ನಡುವೆ ಒಂದು ಹಿಡಿ ಬಿಳಿ ಕೂದಲು ನೆಟ್ಟಗೆ ನಿಂತಿತ್ತು. ದಿನಾ ಈ ಕಾಲು ಮುಟ್ಟಿದವನು ಈ ತಲೆಯನ್ನು ಇವತ್ತು ಮೊದಲ ಸಲ ನೋಡುತ್ತಿದ್ದ.

"ಅಜ್ಜಾರ, ನಿಮಗೂ..."

ಅಜ್ಜಾರು ಕತ್ತರಿ ತೆಗೆದು ಅವನ ಅಂಗೈಯಲ್ಲಿಟ್ಟು, ಬೆರಳು ಮಡಿಸಿದರು.

"ನಮ್ಮಪ್ಪನೂ ಎತ್ತಿನ ವ್ಯಾಪಾರಿ, ಸುಳಿ ನೋಡೂದ್ರಾಗ ನಿನಗಿಂತ ಶಾಣ್ಯಾ. ಜಾವಳ ತೆಗಿಸಿದ ದಿನಾ ನನ್ನ ಸುಳಿ ನೋಡಿದ, ಮರುದಿನಾ ಈ ಮೆಟ್ಟಿಲ ಮ್ಯಾಲ ಕುಂದ್ರಿಸಿ ಹ್ವಾದ. ತಿರುಗಿ ನೋಡ್ಲಿಲ್ಲ."